ಡ್ರಾಯರ್ ಚಾನೆಲ್ ಮೇಲಿನ ‘45 ಕೆಜಿ’: ಆ ಸಂಖ್ಯೆ ಹೇಗೆ ಬರುತ್ತದೆ, ನಿಮಗೆ ಯಾವ ಚಾನೆಲ್ ಬೇಕು

ಹಾರ್ಡ್‌ವೇರ್ ಅಂಗಡಿಯಲ್ಲಿ ಡ್ರಾಯರ್ ಚಾನೆಲ್, ಅಂದರೆ ಡ್ರಾಯರ್ ಜಾರಿ ಹೊರಬರುವ ಲೋಹದ ಪಟ್ಟಿ, ಕೇಳಿದರೆ ಎರಡೇ ಪ್ರಶ್ನೆ ಬರುತ್ತವೆ. ಎಷ್ಟು ಇಂಚು? ಸಾಫ್ಟ್ ಕ್ಲೋಸ್ ಬೇಕಾ, ನಾರ್ಮಲ್ ಸಾಕಾ? ಎಷ್ಟು ಭಾರ ತಡೆಯುತ್ತದೆ ಎಂದು ನಾವೇ ಕೇಳಿದರೆ ಡಬ್ಬಿ ತಿರುಗಿಸಿ ‘45 ಕೆಜಿ’ ಅಂತ ತೋರಿಸುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಆದರೆ ಆ 45 ಅನ್ನುವುದು ಒಂದು ಪರೀಕ್ಷೆಯ ಫಲಿತಾಂಶ. ಎಷ್ಟು ಉದ್ದದ ಚಾನೆಲ್, ಎಷ್ಟು ಸಲ ಎಳೆದು ಮುಚ್ಚಿದ್ದು, ಹೇಗೆ ಕೂರಿಸಿದ್ದು, ಭಾರವನ್ನು ಎಲ್ಲಿ ಇಟ್ಟಿದ್ದು, ಇಷ್ಟೂ ಸೇರಿ ಬಂದ ಸಂಖ್ಯೆ ಅದು. ನಿಮ್ಮ ಡ್ರಾಯರ್ ಆ ಪರೀಕ್ಷೆಯ ಡ್ರಾಯರ್‌ಗಿಂತ ಎಷ್ಟು ಬೇರೆಯೋ, ಅಷ್ಟರ ಮಟ್ಟಿಗೆ ಆ ಸಂಖ್ಯೆ ನಿಮಗೆ ಸೇರಿದ್ದಲ್ಲ. ಇದು ಗೊತ್ತಿದ್ದರೆ ಅಡುಗೆಮನೆಯ ಹತ್ತು ಡ್ರಾಯರ್‌ಗೂ ದುಬಾರಿ ಚಾನೆಲ್ ಹಾಕಿಸುವ ಖರ್ಚು ಉಳಿಯುತ್ತದೆ. ನಿಜವಾಗಿ ಗಟ್ಟಿ ಬೇಕಾದ ಎರಡು ಮೂರಕ್ಕೆ ಗಟ್ಟಿಯದೇ ಬೀಳುತ್ತದೆ.

ಪರೀಕ್ಷೆಯಲ್ಲಿ ಏನು ಮಾಡುತ್ತಾರೆ

ಅಲುಗಾಡದ ಒಂದು ಚೌಕಟ್ಟಿಗೆ ಚಾನೆಲ್ ಜೋಡಿ ಕೂರಿಸಿ, ಅದರಲ್ಲಿ ಪರೀಕ್ಷೆಯ ಡ್ರಾಯರ್ ಇಡುತ್ತಾರೆ. ಒಳಗೆ ತಳದ ತುಂಬ ಸಮನಾಗಿ ತೂಕ ಹರಡುತ್ತಾರೆ. ಆಮೇಲೆ ಗಾಳಿಯ ಒತ್ತಡದಲ್ಲಿ ಓಡುವ ತೋಳೊಂದು ಡ್ರಾಯರನ್ನು ಎಳೆಯುತ್ತದೆ, ಮುಚ್ಚುತ್ತದೆ, ಮತ್ತೆ ಎಳೆಯುತ್ತದೆ. ಒಮ್ಮೆ ತೆಗೆದು ಮುಚ್ಚಿದರೆ ಒಂದು ಸುತ್ತು. ಒಳ್ಳೆಯ ಚಾನೆಲ್‌ಗಳಿಗೆ 50,000 ಸುತ್ತು, 80,000 ಸುತ್ತು ಎಂದೆಲ್ಲ ಬರೆದಿರುವುದು ಇದನ್ನೇ. ನಿಮಿಷಕ್ಕೆ 10 ಸುತ್ತು ಎಂದಿಟ್ಟುಕೊಂಡರೆ 50,000 ಮುಗಿಯಲು 83 ಗಂಟೆ ಬೇಕು. ಹಗಲೂ ರಾತ್ರಿ ನಿಲ್ಲಿಸದೆ ಮೂರೂವರೆ ದಿನ.

ಕೊನೆಗೆ ಡ್ರಾಯರ್ ಕಳಚಿ ಬೀಳದೆ ಉಳಿದರೆ ಪಾಸ್ ಅಂತ ಅಲ್ಲ. ಶುರುವಿನಲ್ಲಿ ಎಳೆಯಲು ಎಷ್ಟು ಬಲ ಬೇಕಿತ್ತು, ಈಗ ಎಷ್ಟು ಬೇಕು ಎಂದು ಅಳೆಯುತ್ತಾರೆ. ಪೂರ್ತಿ ತೆರೆದಾಗ ಮುಂದಿನ ಅಂಚು ಎಷ್ಟು ಮಿಲಿಮೀಟರ್ ಕೆಳಗೆ ಇಳಿದಿದೆ ಎಂದು ನೋಡುತ್ತಾರೆ. ಎರಡಕ್ಕೂ ಒಂದು ಮಿತಿ ಇರುತ್ತದೆ. ಮಿತಿ ದಾಟಿದರೆ ಡ್ರಾಯರ್ ಇನ್ನೂ ಓಡುತ್ತಿದ್ದರೂ ಫೇಲ್.

ಇದು ಚಲಿಸುವಾಗಿನ ಭಾರದ ಪರೀಕ್ಷೆ, ಡೈನಾಮಿಕ್ ಲೋಡ್. ಸ್ಟ್ಯಾಟಿಕ್ ಪರೀಕ್ಷೆ ಬೇರೆ. ಡ್ರಾಯರ್ ಪೂರ್ತಿ ತೆರೆದು, ಮುಂದಿನ ಅಂಚಿನ ಮೇಲೆ ಒಂದು ಗೊತ್ತಾದ ಬಲದಿಂದ ಕೆಳಗೆ ಒತ್ತುತ್ತಾರೆ, ಬಿಡುತ್ತಾರೆ, ಮತ್ತೆ ಒತ್ತುತ್ತಾರೆ. ಪಕ್ಕಕ್ಕೂ ತಳ್ಳಿ ನೋಡುತ್ತಾರೆ. ಇನ್ನೊಂದು ಪರೀಕ್ಷೆಯಲ್ಲಿ ಡ್ರಾಯರ್‌ಗೆ ದಾರ ಕಟ್ಟಿ, ರಾಟೆಯ ಮೇಲಿಂದ ಹಾಯಿಸಿ, ಆ ತುದಿಗೆ ತೂಕ ಕಟ್ಟಿ ಬಿಟ್ಟುಬಿಡುತ್ತಾರೆ. ಡ್ರಾಯರ್ ಧಡಾರನೆ ಬಂದು ಕೊನೆಯ ತಡೆಗೆ ಬಡಿಯುತ್ತದೆ. ಮನೆಯಲ್ಲಿ ಅವಸರದಲ್ಲಿ ಎಳೆಯುವಾಗ ಆಗುವುದೂ ಇದೇ ಅಲ್ವಾ. ಅಗ್ಗದ ಚಾನೆಲ್‌ಗಳು ಎಷ್ಟೋ ಸಲ ಸೋಲುವುದು ಇಲ್ಲೇ. ಉಕ್ಕಿನ ಪಟ್ಟಿ ಬಗ್ಗಿರುವುದಿಲ್ಲ, ತುದಿಯ ಚಿಕ್ಕ ಪ್ಲಾಸ್ಟಿಕ್ ತಡೆ ಒಡೆದಿರುತ್ತದೆ.

ಯುರೋಪಿನಲ್ಲಿ ಚಾನೆಲ್‌ಗೆಂದೇ ಇರುವ ಮಾನದಂಡ ಇಎನ್ 15338. ಅದರಲ್ಲಿ ಹಂತಗಳಿವೆ, ಹಂತ ಏರಿದಂತೆ ಪರೀಕ್ಷೆ ಕಠಿಣವಾಗುತ್ತದೆ. ಅಮೆರಿಕದಲ್ಲಿ ಬಿಎಚ್‌ಎಂಎ ಎ156.9 ಇದೆ, ಅದು ಕ್ಯಾಬಿನೆಟ್‌ನ ಬಿಡಿಭಾಗಗಳಿಗೆ ಗ್ರೇಡ್ ಕೊಡುತ್ತದೆ. ಆಫೀಸಿನ ಕಪಾಟುಗಳಿಗೆ ಬಿಫ್ಮಾ ಎಕ್ಸ್5.9. ನಮ್ಮಲ್ಲಿ ಬಿಐಎಸ್‌ನ ಐಎಸ್ 17634 ಕಪಾಟು, ಡ್ರಾಯರ್ ಇರುವ ಪೀಠೋಪಕರಣಗಳಿಗೆ ಇದೆ. ಇಲ್ಲೊಂದು ವ್ಯತ್ಯಾಸ ಗಮನಿಸಿ. ಬಿಫ್ಮಾ ಎಕ್ಸ್5.9, ಐಎಸ್ 17634 ಪರೀಕ್ಷಿಸುವುದು ತಯಾರಾದ ಇಡೀ ಕಪಾಟನ್ನು. ಇಎನ್ 15338 ಪರೀಕ್ಷಿಸುವುದು ಚಾನೆಲನ್ನು. ಕಾರ್ಪೆಂಟರ್ ಮನೆಗೇ ಬಂದು ಪ್ಲೈವುಡ್ ಕತ್ತರಿಸಿ ಮಾಡಿಕೊಡುವ ಕಪಾಟಿಗೆ ಯಾವ ಸರ್ಟಿಫಿಕೇಟೂ ಇರುವುದಿಲ್ಲ. ಅಲ್ಲಿ ನಿಮ್ಮ ಕೈಯಲ್ಲಿರುವುದು ಚಾನೆಲ್‌ನ ರೇಟಿಂಗ್, ಅಂದರೆ ಡಬ್ಬಿಯ ಮೇಲಿನ ಆ ಕೆಜಿ, ಒಂದೇ. ಅದಕ್ಕೇ ಅದನ್ನು ಸರಿಯಾಗಿ ಓದಬೇಕು.

ಒಂದೇ ಸಂಖ್ಯೆ, ಬೇರೆ ಬೇರೆ ಅರ್ಥ

ಮೊದಲು ಸುತ್ತು. ಭಾರ ಮತ್ತು ಸುತ್ತು ಯಾವಾಗಲೂ ಜೊತೆಗೇ ಹೋಗುವ ಮಾತು. ಅದೇ ಚಾನೆಲ್ ಹೆಚ್ಚು ಭಾರದಲ್ಲಿ ಕಡಿಮೆ ಸುತ್ತು ಬಾಳುತ್ತದೆ, ಕಡಿಮೆ ಭಾರದಲ್ಲಿ ಹೆಚ್ಚು ಸುತ್ತು. ಪ್ರಾಮಾಣಿಕ ಕ್ಯಾಟಲಾಗ್‌ಗಳಲ್ಲಿ 10,000 ಸುತ್ತಿಗೆ ಇಷ್ಟು, 80,000 ಸುತ್ತಿಗೆ ಇಷ್ಟು ಎಂದು ಎರಡು ಕಾಲಂ ಇರುತ್ತವೆ. ಎರಡು ಕಂಪನಿಗಳ ‘45 ಕೆಜಿ’ಯನ್ನು ಹೋಲಿಸುವಾಗ ಒಂದು 10,000 ಸುತ್ತಿನದು, ಇನ್ನೊಂದು 50,000 ಸುತ್ತಿನದು ಆಗಿದ್ದರೆ ಆ ಹೋಲಿಕೆಗೆ ಅರ್ಥವೇ ಇಲ್ಲ. ಸುತ್ತಿನ ಸಂಖ್ಯೆಯನ್ನೇ ಬರೆಯದ ಡಬ್ಬಿಯ ಮೇಲಿನ ಕೆಜಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಮನೆಯ ಬಳಕೆಗೆ ಎಷ್ಟು ಸುತ್ತು ಬೇಕು? ಸ್ಪೂನು, ಸೌಟು ಇಡುವ ಡ್ರಾಯರನ್ನು ದಿನಕ್ಕೆ 20 ಸಲ ತೆಗೆದರೆ ವರ್ಷಕ್ಕೆ 7,300. ಅಲ್ಲಿಗೆ 50,000 ಸುತ್ತು ಸುಮಾರು 7 ವರ್ಷ, 80,000 ಸುತ್ತು ಸುಮಾರು 11 ವರ್ಷ. ಮಲಗುವ ಕೋಣೆಯ ಡ್ರಾಯರ್ ದಿನಕ್ಕೆ 5 ಸಲ ಅಂದುಕೊಳ್ಳಿ, 50,000 ಸುತ್ತಿಗೆ 27 ವರ್ಷ ಆಗುತ್ತದೆ. ಅಂದರೆ ಅಡುಗೆಮನೆಯಲ್ಲಿ ಅತಿ ಹೆಚ್ಚು ತೆಗೆಯುವ ಡ್ರಾಯರ್ ಬಹಳ ಸಲ ಅತಿ ಹಗುರದ್ದೇ ಆಗಿರುತ್ತದೆ. ಅದಕ್ಕೆ ಬೇಕಾದ್ದು ಸುತ್ತು, ಕೆಜಿ ಅಲ್ಲ. ಕೆಳಗಿನ ದಿನಸಿ ಡ್ರಾಯರ್‌ಗೆ ಬೇಕಾದ್ದು ಕೆಜಿ.

ಎರಡನೆಯದು ಉದ್ದ. ಹಲವು ಕಂಪನಿಗಳು ದೊಡ್ಡದಾಗಿ ಅಚ್ಚು ಹಾಕುವ ಕೆಜಿ 450 ಮಿ.ಮೀ., ಅಂದರೆ 18 ಇಂಚಿನ ಚಾನೆಲ್‌ನದು. ಉದ್ದ ಜಾಸ್ತಿಯಾದರೆ ಭಾರ ಹೊರುವ ಶಕ್ತಿ ಇಳಿಯುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಳ್ಳುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಇದು. 450 ಮಿ.ಮೀ. ಡ್ರಾಯರ್ ಪೂರ್ತಿ ಹೊರಗೆ ಬಂದಾಗ ಸಮನಾಗಿ ಹರಡಿದ ಭಾರದ ನಡುಭಾಗ ಕ್ಯಾಬಿನೆಟ್ ಅಂಚಿನಿಂದ 225 ಮಿ.ಮೀ. ಆಚೆ ಇರುತ್ತದೆ. 600 ಮಿ.ಮೀ. ಡ್ರಾಯರ್‌ನಲ್ಲಿ 300 ಮಿ.ಮೀ. ಆಚೆ. ಒಳಗಿನ ಭಾರ ಅದೇ ಇದ್ದರೂ ಚಾನೆಲನ್ನು ಬಗ್ಗಿಸುವ ಬಲ ಮೂರನೇ ಒಂದು ಪಾಲು ಹೆಚ್ಚಾಯಿತು.

ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ತೆರೆದ ಡ್ರಾಯರ್‌ನ ಮುಂದಿನ ಅಂಚಿನ ಮೇಲೆ ಬಿದ್ದ ಭಾರ ಒಳಗೆ ಹರಡಿದ ಭಾರದ ಎರಡರಷ್ಟು ಬಗ್ಗಿಸುತ್ತದೆ. 20 ಕೆಜಿಯ ಮಗು ಡ್ರಾಯರ್ ಅಂಚಿಗೆ ಜೋತುಬಿದ್ದರೆ 40 ಕೆಜಿ ಸಾಮಾನು ತುಂಬಿದ ಹಾಗೆ. ಒಳಗೆ ಆಗಲೇ 25 ಕೆಜಿ ಇದ್ದರೆ ಒಟ್ಟು 65. ಮಕ್ಕಳಿರುವ ಮನೆಯಲ್ಲಿ ಇದು ಖಂಡಿತ ಆಗುತ್ತದೆ. ಗೋಡೆಗೆ ಬಿಗಿಯದೆ ಸುಮ್ನೆ ನಿಲ್ಲಿಸಿದ ಡ್ರಾಯರ್ ಕಪಾಟಾದರೆ ಚಾನೆಲ್‌ಗಿಂತ ಮೊದಲು ಕಪಾಟೇ ಮುಂದಕ್ಕೆ ಮಗುಚಬಹುದು. ಅಂಥ ಕಪಾಟನ್ನು ದಯವಿಟ್ಟು ಇವತ್ತೇ ಗೋಡೆಗೆ ಬಿಗಿಯಿರಿ.

ಅಗಲ, ಜೋಡಿ ಈ ಎರಡನ್ನು ಬೇಗ ಮುಗಿಸಬಹುದು. ರೇಟಿಂಗ್ ಸಾಮಾನ್ಯವಾಗಿ ಒಂದು ಜೋಡಿಗೆ. ಎರಡು ಚಾನೆಲ್ ಇದೆ ಅಂತ 90 ಎಂದು ಲೆಕ್ಕ ಹಾಕಬೇಡಿ. ಡ್ರಾಯರ್ ಆಳಕ್ಕಿಂತ ಅಗಲ ತುಂಬಾ ಜಾಸ್ತಿಯಾದರೆ ಒಂದು ಮೂಲೆ ಹಿಡಿದು ಎಳೆದಾಗ ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. 900 ಮಿ.ಮೀ. ಅಗಲದ ಡ್ರಾಯರ್‌ಗೆ ಎರಡೂ ಬದಿ ಒಟ್ಟಿಗೆ ಓಡುವಂತೆ ಮಾಡುವ ಅಡ್ಡ ಸರಳು ಇರುವ ಚಾನೆಲ್ ಹುಡುಕಿ.

ನಿಮ್ಮ ಡ್ರಾಯರ್ ಎಷ್ಟು ತೂಗುತ್ತದೆ

ರೇಟಿಂಗ್‌ನಿಂದ ಮೊದಲು ಕಳೆಯಬೇಕಾದ್ದು ಡ್ರಾಯರ್‌ನ ತೂಕ. 600 ಮಿ.ಮೀ. ಅಗಲ, 500 ಮಿ.ಮೀ. ಆಳ, 150 ಮಿ.ಮೀ. ಎತ್ತರದ ಪ್ಲೈವುಡ್ ಡ್ರಾಯರ್ ತೆಗೆದುಕೊಳ್ಳಿ. ಸುತ್ತಲೂ 12 ಮಿ.ಮೀ. ಪ್ಲೈ, ತಳಕ್ಕೆ 6 ಮಿ.ಮೀ., ಮುಂದೆ ಲ್ಯಾಮಿನೇಟ್ ಹಚ್ಚಿದ 18 ಮಿ.ಮೀ. ಹಲಗೆ. ಒಟ್ಟು 5ರಿಂದ 6 ಕೆಜಿ ಬರುತ್ತದೆ. ಎತ್ತರ ಹೆಚ್ಚಿಸಿದರೆ, ಎಲ್ಲ ಕಡೆ 18 ಮಿ.ಮೀ. ಹಾಕಿಸಿದರೆ ಇದು ಬೇಗ 10 ಕೆಜಿ ಹತ್ತಿರ ಹೋಗುತ್ತದೆ.

ಆಮೇಲೆ ಸಾಮಾನು. ಅಕ್ಕಿ ಒಂದು ಲೀಟರಿಗೆ ಸುಮಾರು 0.8 ಕೆಜಿ. ಅದೇ 600, 500 ಅಳತೆಯ, 200 ಮಿ.ಮೀ. ಎತ್ತರದ ಡ್ರಾಯರ್‌ನಲ್ಲಿ 60 ಲೀಟರ್ ಜಾಗ. ಡಬ್ಬಗಳ ನಡುವಿನ ಖಾಲಿ ಜಾಗ ಬಿಟ್ಟು 36 ಲೀಟರ್ ತುಂಬಿದರೂ 29 ಕೆಜಿ ಅಕ್ಕಿ ಬೇಳೆ. ಡ್ರಾಯರ್ 7 ಕೆಜಿ, ಸ್ಟೀಲ್ ಡಬ್ಬಗಳು ಎರಡು ಮೂರು ಕೆಜಿ ಸೇರಿಸಿ. ಹತ್ತಿರ ಹತ್ತಿರ 40. 45 ಕೆಜಿ ಚಾನೆಲ್ ಇಲ್ಲಿ ‘ಧಾರಾಳವಾಗಿ’ ಅಲ್ಲ, ಅಂಚಿನಲ್ಲಿ ಕೆಲಸ ಮಾಡುತ್ತಿದೆ. 35 ಕೆಜಿಯದು ಹಾಕಿದರೆ ಮೊದಲ ದಿನದಿಂದಲೇ ಮಿತಿ ಮೀರಿದೆ.

ಕಾಗದವಂತೂ ಜನ ಅಂದುಕೊಂಡಿದ್ದಕ್ಕಿಂತ ಭಾರ. 80 ಜಿಎಸ್‌ಎಂನ ಎ4 ಹಾಳೆ 500ರ ಒಂದು ಕಟ್ಟು 2.5 ಕೆಜಿ, ದಪ್ಪ ಸುಮಾರು 5 ಸೆಂ.ಮೀ. ಅರ್ಧ ಮೀಟರ್ ಉದ್ದಕ್ಕೆ ಬಿಗಿಯಾಗಿ ಫೈಲು ಜೋಡಿಸಿದರೆ 25 ಕೆಜಿ. ಎರಡು ಸಾಲಾದರೆ 50. ವಕೀಲರ ಕಚೇರಿ, ಆಡಿಟರ್ ಕಚೇರಿಗಳಲ್ಲಿ ಫೈಲ್ ಡ್ರಾಯರ್ ಮುಂದಕ್ಕೆ ತಲೆ ತೂಗಿಸಿ ನಿಂತಿರುವುದು ಇದರಿಂದಲೇ.

ನನ್ನ ಅಳತೆ ಇಷ್ಟು: ಡ್ರಾಯರ್ ಮತ್ತು ಸಾಮಾನು ಸೇರಿದ ಒಟ್ಟು ತೂಕ ರೇಟಿಂಗ್‌ನ ಮುಕ್ಕಾಲು ಭಾಗ ದಾಟಬಾರದು. ಉಳಿದ ಕಾಲು ಭಾಗ ಧಡಾರನೆ ಎಳೆಯುವುದಕ್ಕೆ, ಮಕ್ಕಳಿಗೆ, ಹಬ್ಬದ ದಿನ ತುರುಕುವ ಎರಡು ಪಾತ್ರೆಗೆ.

ಯಾವುದನ್ನು ಎಲ್ಲಿ

ರೋಲರ್ ಚಾನೆಲ್ ಹಳೆಯ ಕಂಪ್ಯೂಟರ್ ಟೇಬಲ್‌ಗಳಲ್ಲಿ ನೋಡಿರುತ್ತೀರಿ. ಬಿಳಿ ಅಥವಾ ಕಂದು ಬಣ್ಣ ಹೊಡೆದ ಪಟ್ಟಿ, ತುದಿಗೆ ಪ್ಲಾಸ್ಟಿಕ್ ಗಾಲಿ. ಸಾಮಾನ್ಯವಾಗಿ 25 ಕೆಜಿ ಆಸುಪಾಸಿನದು. ಡ್ರಾಯರ್ ಪೂರ್ತಿ ಹೊರಗೆ ಬರುವುದಿಲ್ಲ, ಮುಕ್ಕಾಲು ಭಾಗ ಬರುತ್ತದೆ. ಅದು ಕೊರತೆ ಅನ್ನಿಸಬಹುದು, ಆದರೆ ಹಿಂದಿನ ಕಾಲು ಭಾಗ ಒಳಗೇ ಇರುವುದರಿಂದ ಬಗ್ಗಿಸುವ ಬಲವೂ ಕಡಿಮೆ. ಬಟ್ಟೆ, ಔಷಧಿ, ಹೊಲಿಗೆ ಸಾಮಾನಿಗೆ ಸಾಕು. ಬಾಡಿಗೆ ಮನೆಯ ಕಪಾಟಿಗೆ ಇದನ್ನೇ ಹಾಕಿಸಿ, ತಪ್ಪೇನಿಲ್ಲ.

ಟೆಲಿಸ್ಕೋಪಿಕ್ ಚಾನೆಲ್ ಇವತ್ತು ಎಲ್ಲ ಕಾರ್ಪೆಂಟರ್‌ಗಳೂ ಹಾಕುವುದು. ಒಂದರೊಳಗೊಂದು ಜಾರುವ ಮೂರು ಪಟ್ಟಿ, ನಡುವೆ ಉಕ್ಕಿನ ಗುಂಡುಗಳು. ಅಡುಗೆಮನೆಗೆ ಬೇಕಾದ್ದು 45 ಮಿ.ಮೀ. ಎತ್ತರದ್ದು. ಎರಡೂ ಬದಿಗೆ ಸುಮಾರು 12.7 ಮಿ.ಮೀ. ಜಾಗ ಬಿಡಬೇಕು. ರೇಟಿಂಗ್ 35ರಿಂದ 45 ಕೆಜಿ. ಅಂಗಡಿಯಲ್ಲಿ ಒಂದೇ ತರ ಕಾಣುವ ಎರಡು ಚಾನೆಲ್‌ಗಳ ಬೆಲೆ ದುಪ್ಪಟ್ಟು ಇರುವುದು ತಗಡಿನ ದಪ್ಪದಿಂದ. ಮೂರು ಪಟ್ಟಿಯ ದಪ್ಪ 1.0, 1.0, 1.2 ಮಿ.ಮೀ. ಇರುವುದೂ ಸಿಗುತ್ತದೆ, 1.2, 1.2, 1.5 ಇರುವುದೂ ಸಿಗುತ್ತದೆ. ದಪ್ಪ ಬರೆದಿರದಿದ್ದರೆ ಒಂದೇ ಉದ್ದದ ಎರಡು ಜೋಡಿಗಳನ್ನು ಅಂಗಡಿಯ ತಕ್ಕಡಿಯಲ್ಲೇ ತೂಗಿಸಿ. ಹೆಚ್ಚು ತೂಗುವುದರಲ್ಲಿ ಉಕ್ಕು ಹೆಚ್ಚಿದೆ. ಆಮೇಲೆ ಪೂರ್ತಿ ಎಳೆದು ತುದಿಯನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂತ ಸಡಿಲವಾಗಿದ್ದರೆ ಬಿಟ್ಟುಬಿಡಿ. ಹಗುರ ಕೆಲಸಕ್ಕೆಂದೇ 17 ಮಿ.ಮೀ. ಎತ್ತರದ ಪುಟ್ಟ ಚಾನೆಲ್ ಕೂಡ ಇದೆ. ಅದನ್ನು ಪಾತ್ರೆ ಡ್ರಾಯರ್‌ಗೆ ಹಾಕಬೇಡಿ.

ಡ್ರಾಯರ್‌ನ ಅಡಿಗೆ ಕೂರುವ ಅಂಡರ್‌ಮೌಂಟ್ ಮತ್ತು ಲೋಹದ ಬದಿಗಳ ಜೊತೆಗೇ ಬರುವ ಟ್ಯಾಂಡಮ್ ಬಾಕ್ಸ್ ಮೇಲಿನ ದರ್ಜೆಯವು. ಇಲ್ಲಿ ದೊಡ್ಡ ಕಂಪನಿಗಳು ಭಾರವನ್ನು ಸ್ಪಷ್ಟವಾಗಿ ಬರೆಯುತ್ತವೆ. ಆಸ್ಟ್ರಿಯಾದ ಬ್ಲಮ್‌ನ ಲೆಗ್ರಾಬಾಕ್ಸ್ 40 ಮತ್ತು 70 ಕೆಜಿಯಲ್ಲಿ ಬರುತ್ತದೆ. ಜರ್ಮನಿಯ ಹೆಟಿಕ್‌ನ ಆರ್ಕಿಟೆಕ್ 40, 60, 80 ಕೆಜಿಯಲ್ಲಿ. ನೋಡಲು ಡ್ರಾಯರ್ ಒಂದೇ, ಅಡಿಯ ಓಟದ ಪಟ್ಟಿ ಬೇರೆ. ಮಾಡ್ಯುಲರ್ ಕಿಚನ್ ಕೊಟೇಶನ್‌ನಲ್ಲಿ ಬ್ರ್ಯಾಂಡ್ ಹೆಸರು ಮಾತ್ರ ಇದ್ದರೆ ಸಾಲದು, ಪ್ರತಿ ಡ್ರಾಯರ್‌ನ ಎದುರು ಕೆಜಿ ಬರೆಸಿಕೊಳ್ಳಿ. ‘ಇಂಪೋರ್ಟೆಡ್ ಟ್ಯಾಂಡಮ್’ ಅಂತಷ್ಟೇ ಬರೆದು 40ರದನ್ನೇ ಎಲ್ಲ ಕಡೆ ಕೂರಿಸಿದರೆ ನೀವು ಆಮೇಲೆ ಕೇಳುವ ಹಾಗಿಲ್ಲ.

ಸಾಫ್ಟ್ ಕ್ಲೋಸ್ ಭಾರ ಹೊರುವ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಅದು ಕೊನೆಯ ಕೆಲವು ಸೆಂಟಿಮೀಟರ್‌ನಲ್ಲಿ ವೇಗ ತಗ್ಗಿಸುವ ಡ್ಯಾಂಪರ್, ಅಷ್ಟೇ. ಮುಚ್ಚುವಾಗಿನ ಹೊಡೆತ ತಪ್ಪುವುದು ನಿಜ, ಆ ಮಟ್ಟಿಗೆ ಬಾಳಿಕೆಗೆ ಒಳ್ಳೆಯದು. ಆದರೆ ಡ್ಯಾಂಪರ್‌ಗೂ ಮಿತಿ ಇದೆ. ಮಿತಿ ಮೀರಿ ತುಂಬಿದ ಡ್ರಾಯರನ್ನು ಅದು ತಡೆಯಲಾರದು.

ಹೆವಿ ಡ್ಯೂಟಿ ಎಂದರೆ 53 ಮಿ.ಮೀ. ಎತ್ತರದ, ಪ್ರತಿ ಬದಿಗೆ ಸುಮಾರು 19 ಮಿ.ಮೀ. ಜಾಗ ಕೇಳುವ ಚಾನೆಲ್‌ಗಳು, ಮತ್ತು ಅದಕ್ಕಿಂತ ದೊಡ್ಡವು. ಅಕ್ಯುರೈಡ್‌ನ 3832 ಎಂಬ ಸಾಮಾನ್ಯ ಮಾದರಿ 45 ಕೆಜಿಯದಾದರೆ, ಅದೇ ಕಂಪನಿಯ 9301 ಸುಮಾರು 227 ಕೆಜಿಯದು. ಗ್ಯಾರೇಜಿನ ಸ್ಪ್ಯಾನರ್ ಕಪಾಟು, ವರ್ಕ್‌ಶಾಪ್, ಫೈಲ್ ಕೋಣೆಗೆ ಇವು. ಮನೆಗೆ ಬೇಕಾಗುವುದು ಅಪರೂಪ. 53 ಮಿ.ಮೀ. ಚಾನೆಲ್ ಹಾಕುವ ಯೋಚನೆ ಇದ್ದರೆ ಡ್ರಾಯರ್ ಕತ್ತರಿಸುವ ಮೊದಲೇ ಕಾರ್ಪೆಂಟರ್‌ಗೆ ಹೇಳಿ. 12.7ಕ್ಕೆ ಮಾಡಿದ ಡ್ರಾಯರ್‌ಗೆ ಆಮೇಲೆ ಇದು ಕೂರುವುದಿಲ್ಲ.

ಗ್ಯಾಸ್ ಸಿಲಿಂಡರ್ ಟ್ರಾಲಿಯ ವಿಷಯ

ಇದನ್ನು ಬೇರೆಯಾಗಿ ಹೇಳಬೇಕು. ನಮ್ಮ ಅಡುಗೆಮನೆಗಳಲ್ಲಿ ಕಟ್ಟೆಯ ಕೆಳಗೆ ಸಿಲಿಂಡರ್ ಇಟ್ಟು ಹೊರಗೆ ಎಳೆಯಲು ಒಂದು ಹಲಗೆ ಮಾಡಿಸುತ್ತೇವೆ. ಜಾಗ ಉಳಿಸಲು ಅದರ ಅಡಿಗೆ ಟೆಲಿಸ್ಕೋಪಿಕ್ ಚಾನೆಲನ್ನು ಅಡ್ಡಡ್ಡಲಾಗಿ, ನೆಲಕ್ಕೆ ಚಪ್ಪಟೆಯಾಗಿ ಮಲಗಿಸಿ ಸ್ಕ್ರೂ ಹೊಡೆಯುವುದುಂಟು. ಆದರೆ ಪರೀಕ್ಷೆ ನಡೆದದ್ದು ಚಾನೆಲನ್ನು ನೆಟ್ಟಗೆ ಬದಿಗೆ ನಿಲ್ಲಿಸಿ. ಆಗ 45 ಮಿ.ಮೀ. ಎತ್ತರದ ಉಕ್ಕು ಭಾರದ ದಿಕ್ಕಿಗೇ ನಿಂತಿರುತ್ತದೆ. ಮಲಗಿಸಿದರೆ ಭಾರದ ದಿಕ್ಕಿನಲ್ಲಿ ಉಳಿಯುವುದು 12.7 ಮಿ.ಮೀ. ದಪ್ಪ ಮಾತ್ರ. ಗುಂಡುಗಳ ಮೇಲೆ ಬೀಳುವ ಒತ್ತಡದ ದಿಕ್ಕೂ ಬದಲಾಗುತ್ತದೆ. ಹೀಗೆ ಕೂರಿಸಿದರೆ ರೇಟಿಂಗ್ ಕಾಲು ಭಾಗಕ್ಕೆ ಇಳಿಯುತ್ತದೆ ಎಂದು ಲೆಕ್ಕ ಹಿಡಿಯಿರಿ ಎನ್ನುತ್ತಾರೆ ತಯಾರಕರು. ಕೆಲವು ಮಾದರಿಗಳನ್ನು ಮಲಗಿಸಲೇಬಾರದು ಎಂದೂ ಬರೆದಿರುತ್ತದೆ.

45ರ ಕಾಲು ಭಾಗ 11 ಕೆಜಿ. 14.2 ಕೆಜಿ ಗ್ಯಾಸ್ ತುಂಬಿದ ಮನೆ ಸಿಲಿಂಡರ್ ಒಟ್ಟು 30 ಕೆಜಿ ಹತ್ತಿರ. ಹಲಗೆ ಬಾಗುವುದು, ಸಿಲಿಂಡರ್ ಓರೆಯಾಗುವುದು, ರೆಗ್ಯುಲೇಟರ್ ಪೈಪ್ ಜಗ್ಗುವುದು ಇಲ್ಲಿಂದ ಶುರು. ಗಾಲಿ ಇರುವ ಸಿಲಿಂಡರ್ ಸ್ಟ್ಯಾಂಡ್ ನೆಲದ ಮೇಲೇ ಓಡುತ್ತದೆ, ಅಗ್ಗ, ಗಟ್ಟಿ. ಅದನ್ನೇ ಇಡಿ. 10 ಕೆಜಿ ದಾಟುವ ಗ್ರೈಂಡರ್ ಇಡುವ ಎಳೆಯುವ ಹಲಗೆಗೂ ಇದೇ ಮಾತು. ಅದಕ್ಕೆ ಎರಡು ಬದಿಗೆ ಪುಟ್ಟ ಅಂಚು ಕೊಡಿಸಿ, ಚಾನೆಲನ್ನು ನೆಟ್ಟಗೆ ನಿಲ್ಲಿಸಿಯೇ ಹೊಡೆಸಿ.

ತುಕ್ಕು, ಸ್ಕ್ರೂ, ಕೊನೆಯ ತಪಾಸಣೆ

ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಕೆಜಿಯ ಜೊತೆ ಉಪ್ಪುನೀರಿನ ಸಿಂಪಡಣೆ ಪರೀಕ್ಷೆಯ ಗಂಟೆಯನ್ನೂ ಕೇಳಬೇಕು. 24, 48, 72, 96 ಗಂಟೆ ಎಂದು ಬರೆದಿರುತ್ತದೆ. ಆ ಗಂಟೆಯನ್ನು ವರ್ಷಕ್ಕೆ ಪರಿವರ್ತಿಸಲು ಬರುವುದಿಲ್ಲ, ಎರಡು ಚಾನೆಲ್‌ಗಳ ಲೇಪನ ಹೋಲಿಸಲು ಮಾತ್ರ ಉಪಯೋಗ. ಗುಂಡು ಓಡುವ ಹಾದಿಗೆ ತುಕ್ಕು ಹಿಡಿದರೆ ಯಾವ ರೇಟಿಂಗೂ ಉಳಿಯುವುದಿಲ್ಲ. ಕಡಲ ಹತ್ತಿರ ಸಿಂಕ್ ಪಕ್ಕದ ಡ್ರಾಯರ್‌ಗಾದರೂ ಸ್ಟೇನ್‌ಲೆಸ್ ಸ್ಟೀಲ್ ಚಾನೆಲ್‌ಗೆ ಹಣ ಹಾಕಿ.

ಚಾನೆಲ್ ಕೂರಿಸುವಾಗ ಪಕ್ಕದಲ್ಲಿ ನಿಂತು ಸ್ಕ್ರೂ ಎಣಿಸಿ. ಅವಸರದ ಕೆಲಸದಲ್ಲಿ ಒಂದು ಪಟ್ಟಿಗೆ ಎರಡೇ ಸ್ಕ್ರೂ ಬೀಳುತ್ತವೆ. ಉದ್ದ ತೂತುಗಳು ಹೊಂದಿಸಿಕೊಳ್ಳಲು ಇರುವುದು. ಹೊಂದಾಣಿಕೆ ಆದ ಮೇಲೆ ದುಂಡನೆಯ ತೂತುಗಳಿಗೂ ಸ್ಕ್ರೂ ಹಾಕಿ ಬಿಗಿಯಬೇಕು. ಪರೀಕ್ಷೆಯ ಚೌಕಟ್ಟಿನಲ್ಲಿ ಸ್ಕ್ರೂ ಕಿತ್ತು ಬರುವುದಿಲ್ಲ, ಪಾರ್ಟಿಕಲ್ ಬೋರ್ಡ್‌ನಲ್ಲಿ ಬರುತ್ತದೆ. 70 ಕೆಜಿಯ ಚಾನೆಲನ್ನು ನೀರು ಕುಡಿದ ಬೋರ್ಡಿಗೆ ಹೊಡೆದರೆ ಅದು ಬೋರ್ಡ್ ಹಿಡಿದಷ್ಟೇ ಹಿಡಿಯುತ್ತದೆ.

ಕೆಲಸ ಮುಗಿದ ದಿನ ಡ್ರಾಯರ್ ಖಾಲಿ ಇರುವಾಗ ಪೂರ್ತಿ ತೆಗೆದು, ಮುಂದಿನ ಅಂಚಿನಿಂದ ನೆಲಕ್ಕೆ ಟೇಪ್ ಹಿಡಿದು ಅಳತೆ ಬರೆದಿಡಿ. ನೀವು ಇಡಬೇಕಾದಷ್ಟು ಸಾಮಾನು ತುಂಬಿ ಮತ್ತೆ ಅಳೆಯಿರಿ. ತುಂಬಿದಾಗ ಸ್ವಲ್ಪ ಇಳಿಯುವುದು ಸಹಜ. ಖಾಲಿ ಮಾಡಿದ ಮೇಲೂ ಮೊದಲಿನ ಅಳತೆಗೆ ವಾಪಸ್ ಬರದಿದ್ದರೆ ಪಟ್ಟಿ ಬಾಗಿದೆ, ಇಲ್ಲವೇ ಸ್ಕ್ರೂ ಸಡಿಲವಾಗಿದೆ. ಕಾರ್ಪೆಂಟರ್ ಹೋಗುವ ಮೊದಲೇ ತೋರಿಸಿ. ವರ್ಷಗಳ ನಂತರ ಡ್ರಾಯರ್ ಮಧ್ಯದಲ್ಲಿ ಎಲ್ಲೋ ತಡೆದು, ಜೋರಾಗಿ ಎಳೆದರೆ ಮಾತ್ರ ಬರುವಂತಾದರೆ ಹೆದರಬೇಡಿ. ಗುಂಡುಗಳನ್ನು ಹಿಡಿದಿರುವ ಪಟ್ಟಿ ಜಾಗ ಬಿಟ್ಟು ಜಾರಿರುತ್ತದೆ. ಡ್ರಾಯರ್ ಖಾಲಿ ಮಾಡಿ ಒಮ್ಮೆ ಪೂರ್ತಿ ಎಳೆದು, ಪೂರ್ತಿ ತಳ್ಳಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಎಳೆಯುವಾಗ ಗರಗರ ಸದ್ದು, ಪುಟ್ಟ ಪುಟ್ಟ ಹಳ್ಳಕ್ಕೆ ಬಿದ್ದೆದ್ದ ಹಾಗೆ ಅನ್ನಿಸಿದರೆ ಮಾತ್ರ ಗುಂಡು ಓಡುವ ಹಾದಿಯಲ್ಲೇ ಕುಳಿ ಬಿದ್ದಿವೆ. ಎಣ್ಣೆ ಬಿಟ್ಟು ಪ್ರಯೋಜನ ಇಲ್ಲ. ಚಾನೆಲ್ ಬದಲಿಸಿ, ಬದಲಿಸುವಾಗ ಒಂದೇ ಬದಿಯದನ್ನು ಬದಲಿಸದೆ ಜೋಡಿಯನ್ನೇ ತನ್ನಿ.